ಅಮೆರಿಕದ ಮೇಷ್ಟ್ರುಗಳಿಗೆ ಆಸ್ಪತ್ರೆ ಉಸಾಬರಿ ಯಾಕೆ? ಸಿಂಗಲ್ ಪೇಯರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಕ್ಕಪ್ಪ ತಿಪಟೂರು ಕಡೆ ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವರು. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ. ಇಲ್ಲಿನ ಟೀಚರ್‌ಗಳು ಎಲ್ಲರಿಗೂ ಸರ್ಕಾರದಿಂದಲೇ ಇನ್ಶೂರೆನ್ಸ್ ಬೇಕು ಅಂತ ಹೋರಾಡುತ್ತಿದ್ದಾರೆ ಎಂದು ಒಮ್ಮೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದೆ. ಅವತ್ತಿನಿಂದ ಪ್ರತಿ ಭಾನುವಾರ ಒಂದೊಂದು ಪ್ರಶ್ನೆ. ಅವರ ಪ್ರಶ್ನೆಗಳ ಜೊತೆಗೆ ಇಲ್ಲಿನ ಕನ್ನಡದ ಗೆಳತಿಯರು ಕೇಳಿದ್ದನ್ನೂ ಸೇರಿಸಿ, ನನಗೆ ತಿಳಿದಷ್ಟು ಉತ್ತರ ಬರೆದಿದ್ದೇನೆ.

ಪಾಠ ಮಾಡುವುದು ಬಿಟ್ಟು ಟೀಚರ್‌ಗಳು ಇದಕ್ಕೆ ಯಾಕೆ ತಲೆ ಹಾಕುತ್ತಾರೆ?

ಸಂಬಳದ ಮಾತುಕತೆಗೆ ಕೂತಾಗಲೆಲ್ಲ ಇನ್ಶೂರೆನ್ಸ್ ಎದುರಿಗೆ ಬಂದು ಕೂರುತ್ತದೆ. ಅದಕ್ಕೆ.

ಅಮೆರಿಕದಲ್ಲಿ ಶಾಲೆ ನಡೆಸುವುದು ಊರೂರಿನ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಶಾಲೆಗಳಿಗೆಂದೇ ಇರುವ ಸ್ಥಳೀಯ ಆಡಳಿತ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥವು ಹತ್ತಿರ ಹತ್ತಿರ ಸಾವಿರ ಇವೆ. ಒಂದೊಂದು ಡಿಸ್ಟ್ರಿಕ್ಟಿನ ಯೂನಿಯನ್ನೂ ಎರಡು ಮೂರು ವರ್ಷಕ್ಕೊಮ್ಮೆ ಸಂಬಳ, ರಜೆ, ತರಗತಿಯಲ್ಲಿ ಎಷ್ಟು ಮಕ್ಕಳಿರಬೇಕು, ಎಲ್ಲದರ ಮೇಲೂ ಒಪ್ಪಂದ ಮಾಡಿಕೊಳ್ಳುತ್ತದೆ. ಟೀಚರ್ ಮತ್ತು ಮನೆಯವರ ಇನ್ಶೂರೆನ್ಸ್ ಪ್ರೀಮಿಯಂ ಯಾರು ಎಷ್ಟು ಕಟ್ಟಬೇಕು ಅನ್ನುವುದೂ ಅಲ್ಲೇ ತೀರ್ಮಾನ ಆಗುತ್ತದೆ. ಡಿಸ್ಟ್ರಿಕ್ಟ್ ಹತ್ತಿರ ಇರುವುದು ಒಂದೇ ಗಂಟು. ಪ್ರೀಮಿಯಂ ಏರಿದರೆ ಸಂಬಳಕ್ಕೆ ಉಳಿಯುವುದು ಕಮ್ಮಿ.

ಪ್ರೀಮಿಯಂ ಎಷ್ಟಿದೆ ಅಂತೀರಾ? ಟೀಚರ್‌ಗಳು ಅಂತಲ್ಲ, ಇಡೀ ದೇಶದಲ್ಲಿ ಕೆಲಸದ ಕಡೆಯಿಂದ ಸಿಗುವ ಇನ್ಶೂರೆನ್ಸ್‌ಗೆ ಒಂದು ಕುಟುಂಬದ ಸರಾಸರಿ ಪ್ರೀಮಿಯಂ 2024ರಲ್ಲಿ ವರ್ಷಕ್ಕೆ 25,572 ಡಾಲರ್ ಇತ್ತು. ಅದರಲ್ಲಿ ನೌಕರರ ಜೇಬಿನಿಂದ ಹೋಗುವುದು ಸರಾಸರಿ 6,296 ಡಾಲರ್. ಉಳಿದದ್ದು ಕೆಲಸ ಕೊಟ್ಟವರದು. ಇನ್ನು ಇಲ್ಲಿನ ಟೀಚರ್‌ಗಳ ವಾರದ ಸಂಬಳ ನೋಡಿ. ಅಷ್ಟೇ ಓದಿ ಬೇರೆ ಕೆಲಸಕ್ಕೆ ಹೋದವರಿಗೆ ಹೋಲಿಸಿದರೆ 2022ರಲ್ಲಿ ಅದು ಶೇ 26.4ರಷ್ಟು ಕಮ್ಮಿ ಇತ್ತು ಎಂದು ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಅನ್ನುವ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದೆ. ಶೇ 3 ಏರಿಕೆ ಸಿಕ್ಕಿತು ಅಂತ ಖುಷಿಪಟ್ಟ ತಿಂಗಳೇ ಸಂಬಳದಲ್ಲಿ ಮುರಿಯುವ ಪ್ರೀಮಿಯಂ ಕೂಡ ಏರಿರುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಇದನ್ನು ಹೇಳಿದ ಮೇಲೆ ಚಿಕ್ಕಪ್ಪ, "ನಮ್ಮನ್ನ ಜನಗಣತಿಗೆ, ಎಲೆಕ್ಷನ್ ಡ್ಯೂಟಿಗೆ ಅಟ್ಟುತ್ತಿದ್ದರು. ಅವರು ಇನ್ಶೂರೆನ್ಸ್ ಚೌಕಾಸಿ ಮಾಡ್ತಾರೆ ಅನ್ನು" ಅಂದರು. ಹೌದು, ಸುಮಾರು ಹಾಗೇ.

ಸಿಂಗಲ್ ಪೇಯರ್ ಅಂದರೆ ಏನು?

ಆಸ್ಪತ್ರೆ ಬಿಲ್ ಕಟ್ಟುವವರು ಒಬ್ಬರೇ ಇರುವುದು. ಈಗ ಅಮೆರಿಕದಲ್ಲಿ ನೂರಾರು ಇನ್ಶೂರೆನ್ಸ್ ಕಂಪನಿಗಳು, ಒಂದೊಂದಕ್ಕೂ ಹತ್ತಾರು ಪ್ಲಾನ್, ಒಂದೊಂದು ಪ್ಲಾನಿಗೂ ಬೇರೆ ಡಾಕ್ಟರ್ ಪಟ್ಟಿ. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವವರ ಜೊತೆಗೆ ಬರೀ ಬಿಲ್ ಬರೆಯಲಿಕ್ಕೇ ಒಂದು ದಂಡು ಬೇಕು. ಸಿಂಗಲ್ ಪೇಯರ್‌ನಲ್ಲಿ ಜನ ತೆರಿಗೆ ಕಟ್ಟುತ್ತಾರೆ, ಅದು ಒಂದು ನಿಧಿಗೆ ಹೋಗುತ್ತದೆ, ಆ ನಿಧಿ ಎಲ್ಲರ ಬಿಲ್ಲನ್ನೂ ಕಟ್ಟುತ್ತದೆ. ಇಲ್ಲಿ ಕೇಳುತ್ತಿರುವ ಮಾದರಿಯಲ್ಲಿ ಪ್ರೀಮಿಯಂ ಇಲ್ಲ. ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೈ ಹಾಕುವ ಮೊದಲು ನಾವೇ ಕಟ್ಟಬೇಕಾದ ಮೊತ್ತ, ಅದೂ ಇಲ್ಲ.

ಇದು ಅಮೆರಿಕಕ್ಕೆ ಪೂರ್ತಿ ಹೊಸದೇನಲ್ಲ. 65 ದಾಟಿದವರಿಗೆ ಮೆಡಿಕೇರ್ ಅಂತ ಇದೆ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಅದಕ್ಕೆ ಸಹಿ ಹಾಕಿದರು. ಮೊದಲ ಕಾರ್ಡ್ ಕೊಟ್ಟಿದ್ದು ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರಿಗೆ. ಅದನ್ನೇ ಎಲ್ಲ ವಯಸ್ಸಿನವರಿಗೂ ಕೊಡಿ ಅನ್ನುವುದಕ್ಕೆ 'ಮೆಡಿಕೇರ್ ಫಾರ್ ಆಲ್' ಅಂತ ಹೆಸರು.

ಅಂದರೆ ಎಲ್ಲ ಸರ್ಕಾರಿ ಆಸ್ಪತ್ರೆಗಳಾಗುತ್ತವಾ?

ಇಲ್ಲ. ಡಾಕ್ಟರ್ ಖಾಸಗಿಯವರೇ, ಆಸ್ಪತ್ರೆ ಖಾಸಗಿಯದ್ದೇ. ಬಿಲ್ ಕಟ್ಟುವವರು ಮಾತ್ರ ಬದಲು. ಆಸ್ಪತ್ರೆಗಳೂ ಸರ್ಕಾರದ್ದೇ ಆಗಿರುವುದು ಬ್ರಿಟನ್ನಿನ ವ್ಯವಸ್ಥೆ. ಕೆನಡಾ ಮತ್ತು ತೈವಾನ್‌ನಲ್ಲಿ ಇರುವುದು ಸಿಂಗಲ್ ಪೇಯರ್.

ಕೆಲಸಕ್ಕೂ ಇನ್ಶೂರೆನ್ಸ್‌ಗೂ ಗಂಟು ಹಾಕಿದವರು ಯಾರು?

ಯಾರೂ ಕೂತು ಯೋಚನೆ ಮಾಡಿ ಹಾಕಿದ ಗಂಟಲ್ಲ ಇದು. ಎರಡನೇ ಮಹಾಯುದ್ಧದ ಹೊತ್ತು. ಬೆಲೆ ಏರಬಾರದು ಅಂತ 1942ರಲ್ಲಿ ಸರ್ಕಾರ ಸಂಬಳಕ್ಕೆ ಕಡಿವಾಣ ಹಾಕಿತು. ಕೆಲಸಗಾರರು ಸಿಗುವುದೇ ಕಷ್ಟ, ಸಂಬಳ ಜಾಸ್ತಿ ಕೊಡುವ ಹಾಗಿಲ್ಲ. ಆದರೆ ಇನ್ಶೂರೆನ್ಸ್ ಕೊಡಬಹುದಿತ್ತು. ಕಂಪನಿಗಳು ಅದನ್ನೇ ಕೊಟ್ಟವು. ಆ ದುಡ್ಡಿಗೆ ತೆರಿಗೆ ಇಲ್ಲ ಅನ್ನುವುದನ್ನು 1954ರಲ್ಲಿ ಕಾನೂನೇ ಗಟ್ಟಿ ಮಾಡಿತು. ಯುದ್ಧ ಮುಗಿದು ಎಷ್ಟೋ ಕಾಲವಾಯಿತು, ಗಂಟು ಇನ್ನೂ ಬಿಚ್ಚಿಲ್ಲ.

ಟೀಚರ್‌ಗಳು ಇನ್ಶೂರೆನ್ಸ್ ವಿಷಯಕ್ಕೆ ಬೀದಿಗಿಳಿದಿದ್ದುಂಟಾ?

ಉಂಟು. 2018ರ ವೆಸ್ಟ್ ವರ್ಜೀನಿಯಾ. ಈ ಕಥೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಎಲ್ಲರೂ ಇದನ್ನು ಸಂಬಳದ ಮುಷ್ಕರ ಅಂತಲೇ ನೆನಪಿಟ್ಟುಕೊಂಡಿದ್ದಾರೆ.

ಅದು ಗುಡ್ಡಗಾಡಿನ, ಕಲ್ಲಿದ್ದಲು ಗಣಿಗಳ ರಾಜ್ಯ. ಟೀಚರ್ ಸಂಬಳದಲ್ಲಿ 50 ರಾಜ್ಯಗಳ ಪೈಕಿ ಸುಮಾರು 48ನೇ ಸ್ಥಾನ. ಅಲ್ಲಿನ ಸರ್ಕಾರಿ ನೌಕರರಿಗೆಲ್ಲ ಪಿಇಐಎ ಅನ್ನುವ ಒಂದೇ ಇನ್ಶೂರೆನ್ಸ್ ಸಂಸ್ಥೆ. ಅದರ ಖರ್ಚು ಏರುತ್ತಾ ಹೋಯಿತು, ಹೊರೆ ನೌಕರರ ತಲೆಗೆ ಬಂತು. ಗಂಡ ಹೆಂಡತಿ ಇಬ್ಬರ ಆದಾಯ ಸೇರಿಸಿ ಪ್ರೀಮಿಯಂ ಹಾಕುತ್ತೇವೆ ಅಂದರು. ಅದರ ಮೇಲೆ ಗೋ365 ಅಂತ ಒಂದು ಆ್ಯಪ್. ದಿನಕ್ಕೆ ಎಷ್ಟು ಹೆಜ್ಜೆ ನಡೆದೆ ಅನ್ನುವಂಥದ್ದನ್ನೆಲ್ಲ ಅದಕ್ಕೆ ಒಪ್ಪಿಸಿ ಅಂಕ ಗಳಿಸಬೇಕು, ಇಲ್ಲದಿದ್ದರೆ ತಿಂಗಳಿಗೆ 25 ಡಾಲರ್ ದಂಡ. ಮಕ್ಕಳಿಗೆ ಮಾರ್ಕ್ಸ್ ಹಾಕುವವರಿಗೇ ಮಾರ್ಕ್ಸ್! ಟೀಚರ್‌ಗಳಿಗೆ ಉರಿದುಹೋಯಿತು.

ಫೆಬ್ರವರಿ 22ರಂದು ಸುಮಾರು 20,000 ಟೀಚರ್‌ಗಳು ಮುಷ್ಕರಕ್ಕೆ ಹೋದರು. ಎಲ್ಲ 55 ಕೌಂಟಿಗಳ, ಅಂದರೆ ಜಿಲ್ಲೆಗಳ, ಶಾಲೆಗಳೂ ಮುಚ್ಚಿದವು. ಅಲ್ಲಿ ಸರ್ಕಾರಿ ನೌಕರರ ಮುಷ್ಕರಕ್ಕೆ ಕಾನೂನಿನ ರಕ್ಷಣೆ ಇಲ್ಲ, ಆದರೂ ಹೋದರು. ಶಾಲೆಯ ಊಟವನ್ನೇ ನಂಬಿದ ಮಕ್ಕಳು ಹಸಿದಿರಬಾರದು ಅಂತ ಮೊದಲೇ ಊಟದ ಪೊಟ್ಟಣ ಕಟ್ಟಿಟ್ಟು ಹೋದರು. ನಾಲ್ಕೈದು ದಿನಕ್ಕೆ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಜಿಮ್ ಜಸ್ಟಿಸ್ ಶೇ 5 ಏರಿಕೆ ಕೊಡುವುದಾಗಿ ಹೇಳಿದರು. ಯೂನಿಯನ್ ನಾಯಕರು ಒಪ್ಪಿ, ಕೆಲಸಕ್ಕೆ ಹೋಗಿ ಅಂದರು. ಟೀಚರ್‌ಗಳು ಹೋಗಲಿಲ್ಲ. "ಪಿಇಐಎ ಗತಿ ಏನು?" ಅನ್ನುವುದು ಅವರ ಪ್ರಶ್ನೆ. ಒಂಬತ್ತು ಶಾಲಾ ದಿನ ಮುಷ್ಕರ ನಡೆಯಿತು. ಕೊನೆಗೆ ಶೇ 5 ಏರಿಕೆ ಕಾನೂನಾಯಿತು. ಆ್ಯಪ್ ಹೋಯಿತು, ಪ್ರೀಮಿಯಂ ಏರಿಕೆ ಸದ್ಯಕ್ಕೆ ನಿಂತಿತು. ಇನ್ಶೂರೆನ್ಸ್ ಸರಿ ಮಾಡಲು ಒಂದು ಸಮಿತಿ ಬಂತು.

ಸಮಿತಿ ಅಂದ ತಕ್ಷಣ ಚಿಕ್ಕಪ್ಪ ಫೋನಿನಲ್ಲೇ ನಕ್ಕರು. ಅವರು ನಕ್ಕಿದ್ದು ಸರಿಯೇ. 2023ರಲ್ಲಿ ಕಾನೂನು ಬದಲಾಗಿ ಅಲ್ಲಿ ಪ್ರೀಮಿಯಂ ಮತ್ತೆ ಏರಿತು.

ವೆಸ್ಟ್ ವರ್ಜೀನಿಯಾದವರು ಕೇಳಿದ್ದು ಸಿಂಗಲ್ ಪೇಯರ್ ಅಲ್ಲ, ತಮ್ಮ ಇನ್ಶೂರೆನ್ಸ್ ಸರಿಮಾಡಿ ಅಂತ ಅಷ್ಟೆ. ಆದರೆ ಇಡೀ ರಾಜ್ಯ ಬಂದ್ ಮಾಡಿದರೂ ಪ್ರೀಮಿಯಂ ಹಿಡಿದು ನಿಲ್ಲಿಸಲು ಆಗಲಿಲ್ಲ. ಊರೂರಿನ ಒಪ್ಪಂದದಲ್ಲಿ ಇದು ಬಗೆಹರಿಯುವ ವಿಷಯ ಅಲ್ಲ ಎಂದು ಸಿಂಗಲ್ ಪೇಯರ್ ಕೇಳುವ ಟೀಚರ್‌ಗಳು ಹೇಳುವುದು ಇದಕ್ಕೇ.

ಯಾವ ಯೂನಿಯನ್‌ಗಳು ಇದರ ಪರ ಇವೆ?

ದೇಶದ ಅತಿ ದೊಡ್ಡ ಟೀಚರ್ ಯೂನಿಯನ್ ನ್ಯಾಷನಲ್ ಎಜುಕೇಷನ್ ಅಸೋಸಿಯೇಷನ್ ತನ್ನ ನಿರ್ಣಯಗಳಲ್ಲಿ ಎಲ್ಲ ನಿವಾಸಿಗಳಿಗೂ ಸಿಂಗಲ್ ಪೇಯರ್ ಬೇಕು ಎಂದು ಬರೆದುಕೊಂಡಿದೆ. ಕ್ಯಾಲಿಫೋರ್ನಿಯಾ ಫೆಡರೇಷನ್ ಆಫ್ ಟೀಚರ್ಸ್ ವರ್ಷಗಳಿಂದ ಬೆಂಬಲಿಸುತ್ತಿದೆ. ಮ್ಯಾಸಚೂಸೆಟ್ಸ್ ಟೀಚರ್ಸ್ ಅಸೋಸಿಯೇಷನ್ ಕೂಡ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯ ಅಧ್ಯಾಪಕರ ಯೂನಿಯನ್ ಪ್ರೊಫೆಷನಲ್ ಸ್ಟಾಫ್ ಕಾಂಗ್ರೆಸ್ ಕೂಡ.

ನಿರ್ಣಯ ಮಾಡುವುದು ಸುಲಭ. ಮಸೂದೆ ಮತಕ್ಕೆ ಬರುವ ವಾರ ಬಸ್ಸು ತುಂಬಿಸಿಕೊಂಡು ರಾಜಧಾನಿಗೆ ಹೋಗುವುದು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಮುಂದೆ ನಿಂತು ಎಳೆಯುತ್ತಿರುವವರು ನರ್ಸ್‌ಗಳ ಯೂನಿಯನ್. ಟೀಚರ್‌ಗಳು ಹಿಂದೆ ನಿಂತು ಹೆಗಲು ಕೊಡುತ್ತಾರೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಒಳ್ಳೆ ಪ್ಲಾನ್ ಇರುವ ಟೀಚರ್‌ಗಳೂ ಇದನ್ನು ಬಯಸುತ್ತಾರಾ?

ಎಲ್ಲರೂ ಅಲ್ಲ. ಇಡೀ ಹೋರಾಟದ ಕಷ್ಟದ ಪ್ರಶ್ನೆ ಇದು.

ನ್ಯೂಯಾರ್ಕ್ ನಗರದ ಟೀಚರ್ ಯೂನಿಯನ್ ಹೆಸರು ಯುನೈಟೆಡ್ ಫೆಡರೇಷನ್ ಆಫ್ ಟೀಚರ್ಸ್. ಅಲ್ಲಿ ಪ್ರೀಮಿಯಂ ಇಲ್ಲದ ಪ್ಲಾನ್ ಸಿಗುತ್ತದೆ. ದಶಕಗಳ ಕಾಲ ಸಂಬಳದಲ್ಲಿ ಬಿಟ್ಟುಕೊಟ್ಟು ಗಳಿಸಿದ ಸವಲತ್ತು ಅದು. ನ್ಯೂಯಾರ್ಕ್ ರಾಜ್ಯದಲ್ಲಿ 'ನ್ಯೂಯಾರ್ಕ್ ಹೆಲ್ತ್ ಆ್ಯಕ್ಟ್' ಅನ್ನುವ ಸಿಂಗಲ್ ಪೇಯರ್ ಮಸೂದೆ ಇದೆ. ರಿಚರ್ಡ್ ಗಾಟ್‌ಫ್ರೀಡ್ ಅನ್ನುವ ಶಾಸಕರು 1992ರಿಂದ ಹಿಡಿದುಕೊಂಡು ಬಂದದ್ದು. 2015ರಿಂದ 2018ರವರೆಗೆ ಪ್ರತಿ ವರ್ಷ ರಾಜ್ಯದ ಕೆಳಮನೆ ಅಸೆಂಬ್ಲಿಯಲ್ಲಿ ಪಾಸಾಯಿತು. ಮೇಲ್ಮನೆ ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ. ನಗರದ ಯೂನಿಯನ್‌ಗಳ ಒಕ್ಕೂಟ ಅದನ್ನು ವಿರೋಧಿಸಿತು. ನಾವು ಕಷ್ಟಪಟ್ಟು ಗಳಿಸಿದ್ದನ್ನು ಬಿಟ್ಟು, ಮೇಲೆ ತೆರಿಗೆಯನ್ನೂ ಯಾಕೆ ಕಟ್ಟಬೇಕು ಅನ್ನುವುದು ಅವರ ವಾದ. ಅದರಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲಾರೆ.

ಆದರೆ ಮುಂದಿನ ಕಥೆ ಕೇಳಿ. ಖರ್ಚು ಉಳಿಸುತ್ತೇವೆ ಎಂದು 2018ರಲ್ಲಿ ಅದೇ ಒಕ್ಕೂಟ ನಗರಕ್ಕೆ ಮಾತು ಕೊಟ್ಟಿತು. ಆ ಉಳಿತಾಯಕ್ಕಾಗಿ 2021ರಲ್ಲಿ ಒಂದು ಯೋಜನೆ ಬಂತು. ನಿವೃತ್ತ ನೌಕರರನ್ನು ಸರ್ಕಾರಿ ಮೆಡಿಕೇರ್‌ನಿಂದ ತೆಗೆದು, ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್‌ಗೆ ಹಾಕುವುದು. ಸುಮಾರು ಎರಡೂವರೆ ಲಕ್ಷ ಜನ. ನಿವೃತ್ತ ಟೀಚರ್‌ಗಳು ಕೆರಳಿ ನಿಂತರು. ಖಾಸಗಿ ಪ್ಲಾನಿನಲ್ಲಿ ಡಾಕ್ಟರ್ ಬರೆದುಕೊಟ್ಟರೂ ಎಷ್ಟೋ ಚಿಕಿತ್ಸೆಗೆ ಕಂಪನಿಯ ಒಪ್ಪಿಗೆ ಮೊದಲು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಕೋರ್ಟಿಗೆ ಹೋದರು, ಬೀದಿಗೆ ಬಂದರು. 2024ರ ಜೂನ್‌ನಲ್ಲಿ ಯೂನಿಯನ್ನಿನ ನಿವೃತ್ತರ ವಿಭಾಗದ ಚುನಾವಣೆಯಲ್ಲಿ ನಾಯಕತ್ವದ ಬಣವನ್ನೇ ಸೋಲಿಸಿದರು. ಅದಾಗಿ ಕೆಲವೇ ದಿನಕ್ಕೆ ಯೂನಿಯನ್ ಆ ಯೋಜನೆಗೆ ಕೊಟ್ಟಿದ್ದ ಬೆಂಬಲ ವಾಪಸ್ ತೆಗೆದುಕೊಂಡಿತು.

ಒಳ್ಳೆ ಪ್ಲಾನ್ ಇದೆ ಅನ್ನುವುದು ಮುಂದಿನ ಒಪ್ಪಂದದವರೆಗೆ ಮಾತ್ರ ನಿಜ. ನನ್ನ ಅಭಿಪ್ರಾಯ ಇಷ್ಟೇ.

ಕ್ಯಾಲಿಫೋರ್ನಿಯಾದಲ್ಲಿ ಇದು ಎಷ್ಟು ಸಲ ಬಂದು ಎಷ್ಟು ಸಲ ಬಿದ್ದಿದೆ?

ಬಹಳ ಸಲ. 1994ರಲ್ಲಿ ಜನರ ಮತಕ್ಕೇ ಹಾಕಿದರು, ಭಾರಿ ಅಂತರದಲ್ಲಿ ಸೋತಿತು. ಆಮೇಲೆ ಶೀಲಾ ಕ್ಯೂಲ್ ಅನ್ನುವ ಸೆನೆಟರ್ ಎಸ್‌ಬಿ 840 ತಂದರು (ಎಸ್‌ಬಿ ಅಂದರೆ ಸೆನೆಟ್ ಬಿಲ್, ಎಬಿ ಅಂದರೆ ಅಸೆಂಬ್ಲಿ ಬಿಲ್). ಅದು 2006ರಲ್ಲಿ ಎರಡೂ ಸದನದಲ್ಲಿ ಪಾಸಾಯಿತು. ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ವೀಟೋ ಮಾಡಿದರು. 2008ರಲ್ಲಿ ಮತ್ತೆ ಪಾಸು, ಮತ್ತೆ ವೀಟೋ. ಮಸೂದೆ ತಂದವರು ಹಿಂದೆ ಟಿವಿ ನಟಿ, ತಡೆದವರು ಸಿನಿಮಾ ಹೀರೋ. ಕ್ಯಾಲಿಫೋರ್ನಿಯಾ ಅಂದಮೇಲೆ ಹೀಗೇ.

2017ರಲ್ಲಿ ಎಸ್‌ಬಿ 562 ಬಂತು. ಜೂನ್ 1ರಂದು ಸೆನೆಟ್‌ನಲ್ಲಿ 23-14ರಿಂದ ಪಾಸಾಯಿತು. ಮೂರು ವಾರದ ಮೇಲೆ ಅಸೆಂಬ್ಲಿ ಸ್ಪೀಕರ್ ಆಂಟನಿ ರೆಂಡನ್, ಇದು ಅರೆಬೆಂದ ಮಸೂದೆ, ಹಣ ಎಲ್ಲಿಂದ ಬರುತ್ತೆ ಅಂತಲೇ ಇಲ್ಲ ಎಂದು ಪಕ್ಕಕ್ಕಿಟ್ಟರು. ಅವರೂ ಡೆಮಾಕ್ರಟ್ ಪಕ್ಷದವರೇ, ಮಸೂದೆ ತಂದವರೂ ಅದೇ ಪಕ್ಷ.

ಆಮೇಲೆ ಬಂದವರು ಆ್ಯಶ್ ಕಾಲ್ರಾ. ನಮ್ಮ ಸ್ಯಾನ್ ಹೋಸೆಯ ಶಾಸಕರು, ಭಾರತದಿಂದ ವಲಸೆ ಬಂದ ದಂಪತಿಯ ಮಗ. ಕ್ಯಾಲಿಫೋರ್ನಿಯಾ ಶಾಸನಸಭೆಗೆ ಆರಿಸಿಬಂದ ಮೊದಲ ಭಾರತೀಯ ಮೂಲದವರು. ಅವರು ತಂದ ಎಬಿ 1400ಕ್ಕೆ 'ಕ್ಯಾಲ್‌ಕೇರ್' ಅಂತ ಹೆಸರು. ಅದು ಅಸೆಂಬ್ಲಿ ದಾಟಲು 2022ರ ಜನವರಿ 31 ಕೊನೆಯ ದಿನ. ಸಾಕಷ್ಟು ಮತ ಇಲ್ಲ ಅಂತ ಗೊತ್ತಾಗಿ ಅವರೇ ಅದನ್ನು ಮತಕ್ಕೆ ಹಾಕಲಿಲ್ಲ. ನರ್ಸ್‌ಗಳಿಗೆ ಸಿಟ್ಟು ಬಂತು. ಸೋತರೂ ಪರವಾಗಿಲ್ಲ, ಯಾರು ಯಾವ ಕಡೆ ಅಂತ ಜನರಿಗೆ ಗೊತ್ತಾಗಬೇಕಿತ್ತು ಅಂದರು. ಕಾಲ್ರಾ 2024ರಲ್ಲಿ ಎಬಿ 2200 ಅಂತ ಮತ್ತೆ ತಂದರು. ಆ ವರ್ಷ ಬಜೆಟ್‌ನಲ್ಲಿ ದೊಡ್ಡ ಕೊರತೆ. ಮೇ ತಿಂಗಳಲ್ಲಿ ಹಣಕಾಸಿನ ಸಮಿತಿಯಲ್ಲೇ ನಿಂತುಹೋಯಿತು. ಖರ್ಚಿನ ಮಸೂದೆಗಳನ್ನು ಹೀಗೆ ಎತ್ತಿಡುವ ಕಡತಕ್ಕೆ ಇಲ್ಲಿ 'ಸಸ್ಪೆನ್ಸ್ ಫೈಲ್' ಅಂತಾರೆ. ಪತ್ತೇದಾರಿ ಕಾದಂಬರಿ ಹೆಸರಿನ ಹಾಗಿದೆ, ಅಲ್ವಾ? ಬಹಳಷ್ಟು ಸಲ ಕೊಲೆಯೂ ಅಲ್ಲೇ ನಡೆಯುತ್ತದೆ.

ಕ್ಯಾಲ್‌ಕೇರ್ ಮಸೂದೆಯಲ್ಲಿ ಏನೇನಿತ್ತು?

ಡಾಕ್ಟರ್, ಆಸ್ಪತ್ರೆ, ಔಷಧಿ, ಹಲ್ಲು, ಕಣ್ಣು, ಕಿವಿ, ಮಾನಸಿಕ ಆರೋಗ್ಯ, ವಯಸ್ಸಾದವರ ದೀರ್ಘಕಾಲದ ಆರೈಕೆ. ಎಲ್ಲ. ವಲಸೆಯ ಕಾಗದಪತ್ರ ಏನೇ ಇರಲಿ, ರಾಜ್ಯದ ನಿವಾಸಿಯಾದರೆ ಸಾಕು. ಯಾವ ಡಾಕ್ಟರ್ ಹತ್ತಿರ ಬೇಕಾದರೂ ಹೋಗಬಹುದು. ನಡೆಸಲು ಒಂಬತ್ತು ಜನರ ಮಂಡಳಿ. ಇದೇ ಸೌಲಭ್ಯಗಳನ್ನು ಖಾಸಗಿ ಇನ್ಶೂರೆನ್ಸ್ ಕಂಪನಿಗಳು ಮಾರುವ ಹಾಗಿಲ್ಲ. ಕಂಪನಿಗಳು ಮೈಮೇಲೆ ಬಿದ್ದು ವಿರೋಧಿಸಿದ್ದು ಯಾಕೆ ಅಂತ ಈಗ ತಿಳಿಯಿತಲ್ಲ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ?

ತೆರಿಗೆಯಿಂದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವ ಪ್ರಶ್ನೆ ಇಲ್ಲೇ ಬರುವುದು.

2017ರ ಮಸೂದೆಗೆ ವರ್ಷಕ್ಕೆ 40,000 ಕೋಟಿ ಡಾಲರ್ ಬೇಕು ಅಂತ ಸೆನೆಟ್ ಸಮಿತಿಯ ಅಂದಾಜು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅದರಲ್ಲಿ ಅರ್ಧದಷ್ಟು ಈಗಾಗಲೇ ಸರ್ಕಾರ ಬೇರೆ ಬೇರೆ ಯೋಜನೆಗೆ ಕೊಡುತ್ತಿರುವುದೇ. ಉಳಿದದ್ದರಲ್ಲೂ ದೊಡ್ಡ ಪಾಲನ್ನು ಜನ ಮತ್ತು ಕಂಪನಿಗಳು ಈಗ ಪ್ರೀಮಿಯಂ ಹೆಸರಿನಲ್ಲಿ ಕಟ್ಟುತ್ತಿದ್ದಾರೆ. ನರ್ಸ್‌ಗಳ ಯೂನಿಯನ್ ಕೇಳಿದ ಮೇಲೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಬೇರೆ ಲೆಕ್ಕ ಹಾಕಿದರು. ಬಿಲ್ಲಿಂಗ್ ಖರ್ಚು, ಔಷಧಿ ಬೆಲೆ ಇಳಿದರೆ 33,100 ಕೋಟಿ ಡಾಲರಿಗೇ ಆಗುತ್ತದೆ ಅಂದರು. ಹೇಳಿಸಿದವರು ಯಾರು ಅನ್ನುವುದನ್ನೂ ಓದುವಾಗ ನೆನಪಿಡಬೇಕು.

2022ರಲ್ಲಿ ಕಾಲ್ರಾ ತೆರಿಗೆಯ ಪಟ್ಟಿಯನ್ನೂ ಬಿಚ್ಚಿಟ್ಟರು. 20 ಲಕ್ಷ ಡಾಲರ್ ದಾಟಿದ ವ್ಯಾಪಾರದ ಮೇಲೆ ಶೇ 2.3. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಯ ಸಂಬಳದ ಮೇಲೆ ಶೇ 1.25. ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಆಸುಪಾಸಿನಿಂದ ಮೇಲಿನ ಆದಾಯಕ್ಕೆ ಶೇ 0.5ರಿಂದ ಶುರುವಾಗಿ ಶೇ 2.5ರವರೆಗೆ. ಹಣದ ದಾರಿ ತೋರಿಸಲಿಲ್ಲ ಅಂತ 2017ರಲ್ಲಿ ಬೈದಿದ್ದರು. ತೋರಿಸಿದ ಮೇಲೆ, ಅಯ್ಯೋ ಇಷ್ಟೊಂದು ತೆರಿಗೆಯಾ ಅಂತ ಬೈದರು.

ಹಾಗಾದರೆ ಶಾಲೆಗಳ ದುಡ್ಡಿಗೆ ಕತ್ತರಿ ಬೀಳುವುದಿಲ್ಲವಾ?

ಚಿಕ್ಕಪ್ಪನ ಪ್ರಶ್ನೆ. ಹೆಡ್‌ಮಾಸ್ಟರ್ ಬುದ್ಧಿ ನೋಡಿ!

ಇಲ್ಲೊಂದು ತಮಾಷೆಯ ತೊಡಕಿದೆ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನ ಮತ ಹಾಕಿ 'ಪ್ರೊಪೊಸಿಷನ್ 98' ಅನ್ನುವುದನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ರಾಜ್ಯದ ಮುಖ್ಯ ಆದಾಯದಲ್ಲಿ ಸುಮಾರು ಶೇ 40 ಶಾಲೆ ಮತ್ತು ಕಮ್ಯುನಿಟಿ ಕಾಲೇಜಿಗೆ ಹೋಗಲೇಬೇಕು. ಟೀಚರ್‌ಗಳೇ ಹೋರಾಡಿ ಗಳಿಸಿದ್ದು ಅದು. ಈಗ ಆರೋಗ್ಯಕ್ಕೆ ಅಂತ ಹೊಸ ತೆರಿಗೆ ಹಾಕಿದರೆ ಅದರಲ್ಲೂ ಶಾಲೆಗೆ ಪಾಲು ಹೋಗುವ ಸಾಧ್ಯತೆ ಇದೆ. ಹೋದರೆ ಆಸ್ಪತ್ರೆಗೆ ಸಾಲದು. ಆಗ ಆ ತೆರಿಗೆಯನ್ನು ಪ್ರೊಪೊಸಿಷನ್ 98ರಿಂದ ಹೊರಗಿಡಬೇಕು. ಅದಕ್ಕೆ ಸಂವಿಧಾನ ತಿದ್ದಬೇಕು, ಜನರ ಮತ ಬೇಕು. ಅಂದರೆ ಟೀಚರ್‌ಗಳು ತಾವೇ ಕಟ್ಟಿದ ಬೇಲಿಯಲ್ಲಿ ಒಂದು ಬಾಗಿಲು ಕೊರೆಯಲು ಒಪ್ಪಬೇಕು. ಇವತ್ತು ಆಸ್ಪತ್ರೆಗೆ ಬಾಗಿಲು ತೆಗೆದರೆ ನಾಳೆ ಜೈಲಿಗೋ ರಸ್ತೆಗೋ ಅದೇ ಬಾಗಿಲಿನಿಂದ ಹಣ ಹೋದರೆ ಏನು ಗತಿ? ಈ ಭಯ ಸುಮ್ನೆ ಹುಟ್ಟಿದ್ದಲ್ಲ.

ಇನ್ನೊಂದು ಕಡೆ, ಡಿಸ್ಟ್ರಿಕ್ಟ್‌ಗಳು ಈಗ ಪ್ರೀಮಿಯಂಗೆ ಸುರಿಯುತ್ತಿರುವ ಹಣ ಉಳಿಯುತ್ತದೆ.

ಆ ಉಳಿದ ಹಣ ಟೀಚರ್ ಸಂಬಳಕ್ಕೇ ಬರುತ್ತಾ?

ತಾನಾಗಿಯೇ ಬರುವುದಿಲ್ಲ. ಅದನ್ನೂ ಮಾತುಕತೆಯಲ್ಲಿ ಕೇಳಿ ತೆಗೆದುಕೊಳ್ಳಬೇಕು. ಡಿಸ್ಟ್ರಿಕ್ಟ್ ಅದನ್ನು ಕಟ್ಟಡಕ್ಕೋ ಸಾಲಕ್ಕೋ ಹಾಕಬಹುದು. ಈ ಪ್ರಶ್ನೆಗೆ "ಖಂಡಿತ ಬರುತ್ತೆ" ಅಂತ ಹೇಳುವವರನ್ನು ನಂಬಬೇಡಿ.

ಕಾಯಿಲೆ ಬಿದ್ದ ಟೀಚರ್ ತನ್ನ ಬದಲಿ ಟೀಚರ್‌ಗೆ ತಾನೇ ಸಂಬಳ ಕೊಡಬೇಕಂತೆ, ನಿಜವಾ?

ನಿಜ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ತನ ಕ್ಯಾನ್ಸರ್ ಆಗಿದ್ದ ಒಬ್ಬ ಟೀಚರ್ ವಿಷಯ ಸುದ್ದಿಯಾಯಿತು. ಕ್ಯಾಲಿಫೋರ್ನಿಯಾದಲ್ಲಿ ಟೀಚರ್‌ಗೆ ವರ್ಷಕ್ಕೆ 10 ದಿನ ಕಾಯಿಲೆ ರಜೆ. ಅದೂ ಕೂಡಿಟ್ಟ ರಜೆಯೂ ಮುಗಿದ ಮೇಲೆ ಸುಮಾರು 100 ಶಾಲಾ ದಿನ ರಜೆ ಸಿಗುತ್ತದೆ, ಆದರೆ ಬದಲಿ ಟೀಚರ್‌ನ ದಿನಗೂಲಿ ಇವರ ಸಂಬಳದಲ್ಲಿ ಮುರಿಯುತ್ತಾರೆ. ಅಲ್ಲಿ ಅದು ದಿನಕ್ಕೆ 200 ಡಾಲರ್ ಹತ್ತಿರ ಇತ್ತು. 1970ರ ದಶಕದ ಕಾನೂನು ಅದು. ಮಕ್ಕಳ ಅಪ್ಪ ಅಮ್ಮಂದಿರೇ ಸೇರಿ ಚಂದಾ ಎತ್ತಿಕೊಟ್ಟರು.

ಇದು ರಜೆಯ ಕಾನೂನು. ಸಿಂಗಲ್ ಪೇಯರ್ ಬಂದರೂ ಇದು ಬದಲಾಗುವುದಿಲ್ಲ. ಸಭೆಗಳಲ್ಲಿ ಎರಡನ್ನೂ ಬೆರೆಸಿ ಹೇಳುವುದನ್ನು ಕೇಳಿದ್ದೇನೆ, ಅದು ತಪ್ಪು.

ಇದರಲ್ಲಿ ಮಕ್ಕಳ ಮಾತೇ ಇಲ್ಲವಲ್ಲ?

ಇದೆ. 2019ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ 30,000ಕ್ಕೂ ಜಾಸ್ತಿ ಟೀಚರ್‌ಗಳು ಆರು ದಿನ ಮುಷ್ಕರ ಮಾಡಿದರು. ಅವರ ಬೇಡಿಕೆಗಳಲ್ಲಿ ಒಂದು, ಪ್ರತಿ ಶಾಲೆಗೂ ವಾರಕ್ಕೆ ಐದು ದಿನ ನರ್ಸ್. ಎಷ್ಟೋ ಶಾಲೆಗಳಿಗೆ ನರ್ಸ್ ಬರುತ್ತಿದ್ದುದು ವಾರಕ್ಕೆ ಒಂದೆರಡು ದಿನ. ಮಳೆಯಲ್ಲಿ ಕೊಡೆ ಹಿಡಿದು ನಿಂತು ಅದನ್ನು ಗೆದ್ದರು. ಹಲ್ಲುನೋವು ಅಂತ ಅಳುವ ಮಗು, ಕನ್ನಡಕ ಇಲ್ಲದೆ ಬೋರ್ಡ್ ಕಾಣದ ಮಗು. ಇದನ್ನು ಮೊದಲು ನೋಡುವವರು ಟೀಚರ್ ತಾನೇ? ಚಿಕ್ಕಪ್ಪನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಬೇರೆ ಯಾವ ರಾಜ್ಯವಾದರೂ ಇದನ್ನು ಜಾರಿಗೆ ತಂದಿದೆಯಾ?

ಕಾನೂನು ಮಾಡಿದ ರಾಜ್ಯ ಇದೆ, ಜಾರಿ ಮಾಡಿದ್ದು ಇಲ್ಲ. ವರ್ಮಾಂಟ್ ಚಿಕ್ಕ ರಾಜ್ಯ, ನಮ್ಮ ಬಹುಪಾಲು ಜಿಲ್ಲೆಗಳಷ್ಟೂ ಜನ ಇಲ್ಲ. 2011ರಲ್ಲಿ ಸಿಂಗಲ್ ಪೇಯರ್ ಕಡೆಗೆ ಹೋಗುವ ಕಾನೂನು ಮಾಡಿತು. 2014ರ ಡಿಸೆಂಬರ್‌ನಲ್ಲಿ ಗವರ್ನರ್ ಪೀಟರ್ ಶಮ್ಲಿನ್ ಅವರೇ ಕೈಬಿಟ್ಟರು. ಕಂಪನಿಗಳ ಸಂಬಳದ ಮೇಲೆ ಶೇ 11.5, ಜನರ ಆದಾಯದ ಮೇಲೆ ಶೇ 9.5ರವರೆಗೆ ತೆರಿಗೆ ಹಾಕಬೇಕಾಗುತ್ತಿತ್ತು. ಕೊಲೊರಾಡೊದಲ್ಲಿ 2016ರಲ್ಲಿ ಜನರೇ ಭಾರಿ ಬಹುಮತದಿಂದ ಬೇಡ ಅಂದರು.

ದೆಹಲಿ ಇದ್ದ ಹಾಗೆ ಇಲ್ಲಿ ವಾಷಿಂಗ್ಟನ್. ಮೆಡಿಕೇರ್ ಹಣ ಅಲ್ಲಿಂದ ಬರಬೇಕು, ಅದನ್ನು ರಾಜ್ಯದ ನಿಧಿಗೆ ಸೇರಿಸಲು ಅವರ ಒಪ್ಪಿಗೆ ಬೇಕು. ಅದಕ್ಕೇ ದೇಶಕ್ಕೆಲ್ಲ ಒಂದೇ ಕಾನೂನು ಬೇಕು ಅನ್ನುವವರಿದ್ದಾರೆ. ಸೆನೆಟರ್ ಬರ್ನಿ ಸ್ಯಾಂಡರ್ಸ್, ಮತ್ತೆ ಚೆನ್ನೈನಲ್ಲಿ ಹುಟ್ಟಿದ ಪ್ರಮೀಳಾ ಜಯಪಾಲ್. ಜಯಪಾಲ್ 2019ರಲ್ಲಿ ತಂದ ಮಸೂದೆಯಲ್ಲಿ, ಕೆಲಸ ಕಳೆದುಕೊಳ್ಳುವ ಇನ್ಶೂರೆನ್ಸ್ ನೌಕರರಿಗೆ ನೆರವಾಗಲು ಐದು ವರ್ಷದವರೆಗೆ ಬಜೆಟ್‌ನಲ್ಲಿ ಶೇ 1 ಎತ್ತಿಡುವ ಮಾತೂ ಇತ್ತು.

ಕೆನಡಾದಲ್ಲಿ ಡಾಕ್ಟರ್‌ಗೆ ತಿಂಗಳುಗಟ್ಟಲೆ ಕಾಯಬೇಕಂತಲ್ಲ?

ಮಂಡಿ ಬದಲಾಯಿಸುವಂಥ ಆಪರೇಷನ್‌ಗೆ ಕಾಯಬೇಕು, ಸುಳ್ಳಲ್ಲ. ತುರ್ತು ಇದ್ದರೆ ಸಾಲಿನಲ್ಲಿ ಮುಂದೆ ಬರುತ್ತೀರಿ. ಅಮೆರಿಕದಲ್ಲೂ ಕಾಯುತ್ತೇವೆ. ಜೊತೆಗೆ ದುಡ್ಡಿಲ್ಲದೆ ಡಾಕ್ಟರ್ ಹತ್ತಿರ ಹೋಗದೇ ಇರುವವರ ಕಾಯುವಿಕೆ ಯಾವ ಪಟ್ಟಿಗೂ ಬರುವುದಿಲ್ಲ.

ಅಲ್ಲೂ ಇದು ಸುಲಭವಾಗಿ ಬರಲಿಲ್ಲ. 1962ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯ ಮೊದಲು ಶುರುಮಾಡಿದಾಗ ಡಾಕ್ಟರ್‌ಗಳೇ 23 ದಿನ ಮುಷ್ಕರ ಮಾಡಿದರು. ಅದಕ್ಕೆ ದಾರಿ ಹಾಕಿದ ಟಾಮಿ ಡಗ್ಲಸ್ ಅವರನ್ನು 2004ರಲ್ಲಿ ಜನ ಮತ ಹಾಕಿ 'ಅತಿ ಶ್ರೇಷ್ಠ ಕೆನಡಿಯನ್' ಅಂತ ಆರಿಸಿದರು.

ಇಲ್ಲಿರುವ ಕನ್ನಡಿಗರಿಗೆ ಇದರಿಂದ ಏನು?

ನಮ್ಮ ಮನೆಯದ್ದೇ ಹೇಳುತ್ತೇನೆ. ನನ್ನ ಗಂಡನನ್ನು ಕಂಪನಿಯೊಂದು ಲೇಆಫ್ ಮಾಡಿತು. 60 ದಿನದೊಳಗೆ ಹೊಸ ಕೆಲಸ ಸಿಗದಿದ್ದರೆ ದೇಶ ಬಿಡಬೇಕು ಅನ್ನುವ ವೀಸಾದ ಲೆಕ್ಕ ಒಂದು ಕಡೆ. ತಿಂಗಳ ಕೊನೆಗೆ ಇನ್ಶೂರೆನ್ಸ್ ಮುಗಿಯುತ್ತದೆ ಅನ್ನುವುದು ಇನ್ನೊಂದು ಕಡೆ. ಹಳೇ ಪ್ಲಾನ್ ಮುಂದುವರಿಸಬಹುದು, ಪೂರ್ತಿ ಪ್ರೀಮಿಯಂ ನಾವೇ ಕಟ್ಟಿದರೆ. ಮಗನಿಗೆ ಉಬ್ಬಸ. 30ನೇ ತಾರೀಕು ಸಂಜೆ ಮೂರು ಇನ್‌ಹೇಲರ್ ಒಟ್ಟಿಗೆ ಕೊಡಿ ಅಂತ ಫಾರ್ಮಸಿಯಲ್ಲಿ ಗೋಗರೆದಿದ್ದು ಮರೆಯುವುದಿಲ್ಲ. ಕ್ಯಾಲ್‌ಕೇರ್ ಥರದ್ದು ಇದ್ದಿದ್ದರೆ ಕೆಲಸ ಹೋಗುತ್ತಿತ್ತು, ಇನ್‌ಹೇಲರ್ ಹೋಗುತ್ತಿರಲಿಲ್ಲ.

ಆರು ತಿಂಗಳಿಗೆ ಅಂತ ಬರುವ ಅಪ್ಪ ಅಮ್ಮನಿಗೆ ಇದು ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುವುದಿಲ್ಲ. ಮಸೂದೆ ಇರುವುದು ನಿವಾಸಿಗಳಿಗೆ, ನೆಂಟರಿಗೆ ಅಲ್ಲ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಲೇಬೇಕು.

ನಮ್ಮ ಆಯುಷ್ಮಾನ್ ಭಾರತ್ ಕೂಡ ಇದೇ ಥರ ಅಲ್ವಾ?

ಸ್ವಲ್ಪ ಮಾತ್ರ. 2018ರಿಂದ ಕರ್ನಾಟಕದಲ್ಲಿ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಬಹುಮಟ್ಟಿಗೆ ಆಸ್ಪತ್ರೆ ಸೇರಿದಾಗಿನ ಖರ್ಚು. ಸರ್ಕಾರಿ ನೌಕರರಿಗೆ, ಅಂದರೆ ಮೇಷ್ಟ್ರುಗಳಿಗೂ, ಬೇರೆಯೇ ಯೋಜನೆ. ಎಲ್ಲರೂ ಒಂದೇ ನಿಧಿಯಲ್ಲಿ ಇಲ್ಲ. ಎಲ್ಲರೂ ಒಂದೇ ದೋಣಿಯಲ್ಲಿ ಇರಬೇಕು ಅನ್ನುವುದೇ ಸಿಂಗಲ್ ಪೇಯರ್.

ಟೀಚರ್‌ಗಳು ಇದನ್ನು ಕ್ಲಾಸಿನಲ್ಲೂ ಪ್ರಚಾರ ಮಾಡುತ್ತಾರಾ?

ಮಾಡುವ ಹಾಗಿಲ್ಲ. ಜನಮತಕ್ಕೆ ಬಂದ ವಿಷಯದ ಪರವೋ ವಿರೋಧವೋ ಮತ ಕೇಳಲು ಶಾಲೆಯ ದುಡ್ಡು, ಕಾಗದ, ಮಶೀನು ಏನನ್ನೂ ಬಳಸಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನಿದೆ. ಅವರ ಕೆಲಸವೆಲ್ಲ ಶಾಲೆ ಮುಗಿದ ಮೇಲೆ. ಯೂನಿಯನ್ ಸಭೆಯಲ್ಲಿ ನಿರ್ಣಯ ಮಾಡಿಸುವುದು, ಶಾಸಕರ ಆಫೀಸಿಗೆ ಫೋನ್, ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಶಾಸಕರ ಸಮಿತಿಯ ಮುಂದೆ ಸಾಲಿನಲ್ಲಿ ನಿಂತು ಹೆಸರು, ಯೂನಿಯನ್, "ಬೆಂಬಲ" ಅಂತ ಹೇಳುವುದು. ಅಷ್ಟು ಹೇಳಲು ಅರ್ಧ ದಿನ ಡ್ರೈವ್ ಮಾಡಿಕೊಂಡು ಬಂದಿರುತ್ತಾರೆ.

ಈಗ ಎಲ್ಲಿಗೆ ಬಂದು ನಿಂತಿದೆ?

ಕ್ಯಾಲಿಫೋರ್ನಿಯಾದಲ್ಲಿ ಸೆನೆಟರ್ ಸ್ಕಾಟ್ ವೀನರ್ ತಂದ ಎಸ್‌ಬಿ 770ಕ್ಕೆ 2023ರ ಅಕ್ಟೋಬರ್‌ನಲ್ಲಿ ಗವರ್ನರ್ ಸಹಿ ಬಿತ್ತು. ಅದು ಸಿಂಗಲ್ ಪೇಯರ್ ಅಲ್ಲ. ಎಲ್ಲ ಹಣವನ್ನೂ ಒಂದೇ ನಿಧಿಗೆ ತರಲು ವಾಷಿಂಗ್ಟನ್ ಜೊತೆ ಮಾತಾಡಿ ಅಂತ ರಾಜ್ಯಕ್ಕೆ ಹೇಳುವ ಕಾನೂನು. ನರ್ಸ್‌ಗಳ ಯೂನಿಯನ್‌ಗೆ ಅದು ಇಷ್ಟವಾಗಲಿಲ್ಲ, ಕಾಲ ತಳ್ಳುವ ಕೆಲಸ ಅಂದರು. ಬೇರೆ ಕೆಲವು ಸಂಘಟನೆಗಳು ಇದಾದರೂ ಆಗಲಿ ಅಂದವು. ಒರೆಗಾನ್ ರಾಜ್ಯದಲ್ಲಿ 2022ರಲ್ಲಿ ಜನ ಮತ ಹಾಕಿ, ಕೈಗೆಟುಕುವ ಚಿಕಿತ್ಸೆ ಪ್ರತಿ ನಿವಾಸಿಯ ಹಕ್ಕು ಅಂತ ಸಂವಿಧಾನದಲ್ಲೇ ಬರೆದುಕೊಂಡರು. ಗೆದ್ದದ್ದು ಕೂದಲೆಳೆ ಅಂತರದಲ್ಲಿ.

ಚಿಕ್ಕಪ್ಪನ ಹೋದ ಭಾನುವಾರದ ಪ್ರಶ್ನೆ: "ಅಲ್ಲಮ್ಮ, ಆ ಮಸೂದೆ ತರೋನು ನಿಮ್ಮ ಊರಿನವನೇ ಅಂತೀಯ. ಒಂದು ಸಲನಾದ್ರೂ ಅವನ ಆಫೀಸಿಗೆ ಫೋನ್ ಮಾಡಿದ್ದೀಯಾ?" ಇನ್ನೂ ಇಲ್ಲ.